ಗಾಜಿನ ಕಣ್ಣು ಊದುತ್ತಿದ್ದ ಓಟ್ಮಾರ್

ಗುಡ್ರುನ್ ಅವರೇ, ಓಟ್ಮಾರ್ ಲೈಪೋಲ್ಡ್ ಅವರ ಮನೆಯವರೇ, ಲೌಶಾ ಊರಿನ ಗಾಜಿನ ಕೆಲಸದವರೇ, ಬಸ್ಸು ಹಿಡಿದು ಬೆಟ್ಟ ಹತ್ತಿ ಬಂದವರೇ — ಎಲ್ಲರಿಗೂ ನಮಸ್ಕಾರ.

ಈ ಬೆಳಿಗ್ಗೆ ನಾನು ಬಾಗಿಲ ಪಕ್ಕ ನಿಂತಿದ್ದೆ. ನೀವು ಒಬ್ಬೊಬ್ಬರಾಗಿ ಬಂದು ಓಟ್ಮಾರ್ ಅವರ ಫೋಟೋ ಮುಂದೆ ಹೂವಿಟ್ಟಿರಿ. ಹದಿನೇಳು ಜನ ಫೋಟೋ ನೋಡುವಾಗ ತಲೆಯನ್ನು ಒಂದಿಷ್ಟು ಓರೆ ಮಾಡಿದಿರಿ — ಹೀಗೆ. ಒಂದೇ ಕಣ್ಣಲ್ಲಿ ನೋಡಿ ಅಭ್ಯಾಸವಾದವರು ಹೀಗೇ ನೋಡುತ್ತಾರೆ. ನಿಮ್ಮ ಇನ್ನೊಂದು ಕಣ್ಣು ಅವರು ಗಾಜಿನಲ್ಲಿ ಊದಿದ್ದು. ಪಕ್ಕದ ಮನೆಯವರಿಗೂ ಇದು ಗೊತ್ತಿರಲಿಕ್ಕಿಲ್ಲ. ಕ್ಷಮಿಸಿ, ಗುಟ್ಟು ಬಿಟ್ಟುಕೊಟ್ಟೆ — ಹೆಸರು ಹೇಳುವುದಿಲ್ಲ.

ಗಾಜಿನ ಕಣ್ಣು ವರ್ಷ, ಎರಡು ವರ್ಷಕ್ಕೆ ಸವೆಯುತ್ತದೆ. ಹೊಸದು ಬೇಕು. ನಿನ್ನೆ ಓಟ್ಮಾರ್ ಅವರ ಹೆಂಡತಿ ಗುಡ್ರುನ್ ಅವರು ಗಿರಾಕಿಗಳ ಸಮಯ ಬರೆದಿಟ್ಟ ಪುಸ್ತಕ ತೆರೆದು ನನ್ನನ್ನು ಕೇಳಿದರು: "ನಲವತ್ತು ಜನ ಇದ್ದಾರೆ ಕಣಮ್ಮ. ಬೇರೆ ಊರಿಗೆ ಹೋಗಿ ಅಂತ ಎಲ್ಲರಿಗೂ ಕಾಗದ ಬರೆದುಬಿಡಲಾ?"

ಆರು ವರ್ಷದ ಹಿಂದೆ, ಸಾಹಿತ್ಯದ ಪದವಿ ಮುಗಿಸಿ, ಕೆಲಸ ಕಲಿಯಲು ಓಟ್ಮಾರ್ ಅವರ ಬಳಿ ಬಂದೆ. ಅವರು ನನ್ನ ಪ್ರಮಾಣಪತ್ರ ಮುಟ್ಟಲೂ ಇಲ್ಲ. "ಮುಖ ನೋಡಿ ಮಾತಾಡಮ್ಮ" ಎಂದರು. ನಾನು ಅವರ ಚಪ್ಪಲಿ ನೋಡುತ್ತಿದ್ದೆ. "ಚಪ್ಪಲಿಗೆ ಕಣ್ಣು ಬೇಡ ಕಣೇ, ಅದಕ್ಕಾಗಲೇ ಎರಡು ತೂತಿದೆ!"

ಬಿಳಿ ಗಾಜಿನ ಕೊಳವೆಯನ್ನು ಉರಿಯಲ್ಲಿ ಹಿಡಿ, ತಿರುಗಿಸು, ಊದು. ಕೈ ನಿಂತರೆ ಗಾಜು ಜೋತು ಬೀಳುತ್ತದೆ. ಒಂದು ವರ್ಷ ತಿರುಗಿಸಿದೆ — ತಿರುಗಿಸಿದೆ — ತಿರುಗಿಸಿದೆ. ನನ್ನ ಮೊದಲ ಗೋಳ ನೋಡಿ ಗುಡ್ರುನ್ ಅವರು, "ಆಲೂಗಡ್ಡೆ ಕಡುಬು ಚೆನ್ನಾಗಿದೆ, ಸಾರೆಲ್ಲಿ?" ಎಂದರು.

ಇನ್ನು, ಎರ್ವಿನ್ ಅವರೇ, ನಮ್ಮ ಕಥೆ ಹೇಳಲೇ? — ಆಗಲಿ ಅಂತಿದ್ದಾರೆ.

ಗಿರಾಕಿಯ ಎದುರು ನಾನು ಮೊದಲ ಸಲ ಕುಳಿತದ್ದು ಎರ್ವಿನ್ ಅವರ ಮುಂದೆ. ಬಾಯಿ ಬಿಡಲಿಲ್ಲ. ಅವರ ಒಳ್ಳೆಯ ಕಣ್ಣಲ್ಲಿ ಹನ್ನೆರಡು ಕೆಂಪು ನರ ಎಣಿಸಿದೆ. ಕೆಂಪು ಗಾಜನ್ನು ಕೂದಲಿನಷ್ಟು ಸಣ್ಣಗೆ ಎಳೆದು ಹನ್ನೆರಡನ್ನೂ ಬಿಡಿಸಿದೆ. ಹತ್ತು ದಿನದ ಮೇಲೆ ಅವರು ಬಾಗಿಲಲ್ಲಿ ನಿಂತಿದ್ದರು. "ಓಟ್ಮಾರಣ್ಣ, ನನಗೆ ನೆಗಡಿ ವಾಸಿಯಾಯ್ತು. ಇವನಿಗೆ ಇನ್ನೂ ಆಗಿಲ್ಲ!" ಎಂದು ಗಾಜಿನ ಕಣ್ಣು ತೋರಿಸಿದರು.

ಓಟ್ಮಾರ್ ಉರಿ ಆರಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನನಗೆ, "ನೋಡೋದು ಕಲಿತೆ. ಹೇಗಿದ್ದೀರಿ ಅಂತ ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ?"

ಆ ಕುರ್ಚಿಯಲ್ಲಿ ನಾನು ಮತ್ತೆ ಕೂರಲಿಲ್ಲ. ಪರೀಕ್ಷೆ ಪಾಸಾದೆ, ಕಣ್ಣಿನ ಬಣ್ಣದ ವೃತ್ತಗಳನ್ನು ಮಾಡಿಟ್ಟೆ, ಆದರೆ ಜನರ ಎದುರು ಕೂರುವುದು ಮಾತ್ರ ಅವರ ಪಾಲಿಗೇ ಬಿಟ್ಟೆ. ಪ್ರತಿ ಸೋಮವಾರ ಕೇಳುತ್ತಿದ್ದರು: "ಇವತ್ತು ಕೂರ್ತೀಯಾ?" "ಮುಂದಿನ ವಾರ." "ಮುಂದಿನ ವಾರ ನಾನೇನು ಚಿಕ್ಕವನಾಗಲ್ಲ ಕಣೇ."

ಅವರ ಹಿಂದೆ ಕುಳಿತು ನೋಡಿದ್ದನ್ನು ಹೇಳುತ್ತೇನೆ. ಅವರು ಅಣಬೆಯ ಸುದ್ದಿ ಹೇಳುತ್ತಿದ್ದರು, ಸೊಸೆಯ ಸುದ್ದಿ ಕೇಳುತ್ತಿದ್ದರು, ಹಳೇ ಜೋಕನ್ನೇ ಮತ್ತೆ ಹೇಳುತ್ತಿದ್ದರು. ಮಾತಿನ ಮಲ್ಲ ಅಂದುಕೊಂಡಿದ್ದೆ. ಅಲ್ಲ. ಹೆದರಿದವರ ಕಣ್ಣಿನ ಕಪ್ಪು ಬೊಟ್ಟು ದೊಡ್ಡದಾಗಿರುತ್ತದೆ. ನಕ್ಕು, ಹಗುರಾಗಿ, ಮನೆಯಲ್ಲಿದ್ದಂತೆ ಕೂತ ಮೇಲೆ ಅದು ತನ್ನ ಅಳತೆಗೆ ಬರುತ್ತದೆ. ಅಲ್ಲಿಯವರೆಗೆ ಅವರು ಕಪ್ಪು ಗಾಜು ಮುಟ್ಟುತ್ತಿರಲಿಲ್ಲ. ಅವರು ಮಾಡಿದ್ದು ಹೆದರದ ಕಣ್ಣು. ಇಲ್ಲಿ ಹದಿನೇಳಿವೆ.

ಗುಡ್ರುನ್ ಅವರೇ, ಕಾಗದ ಬರೆಯಬೇಡಿ. ಗುರುವಾರ ಒಂಬತ್ತು ಗಂಟೆಗೆ ಯಾರ ಹೆಸರಿದೆಯೋ ಅವರು ಬರಲಿ. ನಾನು ಕೂರುತ್ತೇನೆ. ಮೊದಲು ಹೇಗಿದ್ದೀರಿ ಅಂತ ಕೇಳುತ್ತೇನೆ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಒಂದು ನಿಮಿಷ ಮೌನವಾಗಿರೋಣ. ಕಣ್ಣು ಮಾತ್ರ ಮುಚ್ಚಬೇಡಿ — ಅವರ ಕೆಲಸ ಕಾಣುತ್ತಿರಲಿ.