ತೊಂಬತ್ತಕ್ಕೆ ಮುಗಿದ ಕೋಷ್ಟಕ

ವಿಮಾ ಕಚೇರಿಯ ಬೆಂಚಿನ ಮೇಲೆ ಕಾದು ಕಾದು ಸಾಕಾಗಿದ್ದ ಬಸ್ ಚಾಲಕನ ಕಿವಿ ಪಕ್ಕದ ಅತ್ತೆ-ಸೊಸೆಯರ ಮಾತಿನತ್ತ ಹೊರಳಿತು.

“ನಿಮ್ಮ ತಮ್ಮ ಮಾಡಿದ ಆಯಸ್ಸಿನ ಕೋಷ್ಟಕ ತೊಂಬತ್ತನೇ ವಯಸ್ಸಿಗೇ ಮುಗಿಯುತ್ತಂತೆ ಅತ್ತೆ. ಅದರಿಂದಾಚೆ ಪಿಂಚಣಿ ಲೆಕ್ಕ ಹಾಕೋಕೆ ಸಾಲೇ ಇಲ್ವಂತೆ.”

“ಅಂದ್ರೆ ನಾನು ಹೋದ ವರ್ಷವೇ ಸಾಯಬೇಕಿತ್ತು ಅನ್ನು.”

“ಮೆಲ್ಲಗೆ! ದೊಡ್ಡ ಗಣಿತಜ್ಞರು. ಇಡೀ ದೇಶದ ವಿಮೆಗೆ ಲೆಕ್ಕ ಹಾಕಿಕೊಟ್ಟೋರು. ನೋಡಿ, ಗೋಡೆ ಮೇಲೆ ಪಟವೇ ಇದೆ.”

“ಊಟಕ್ಕೆ ತಟ್ಟೆ ಇಡೋ ಅಂದ್ರೆ ನನ್ನದೊಂದು ಬಿಟ್ಟು ಇಡ್ತಿದ್ದ. ಅವನದೂ ಒಂದು ಲೆಕ್ಕ!”

“ಪಾಪ, ಈಗ ಇಲ್ವಲ್ಲ.”

“ಅರವತ್ತಕ್ಕೇ ಹೋದ. ತನ್ನ ಆಯಸ್ಸೇ ಗೊತ್ತಿಲ್ಲದೋನು ನನ್ನದಕ್ಕೆ ಗೆರೆ ಎಳೆದ.”

ಕಿಟಕಿಯಿಂದ ಕರೆ ಬಂತು. ಮುದುಕಿ ಎದ್ದು, ಹೋಗುವ ದಾರಿಯಲ್ಲಿ ಪಟದ ಗಾಜನ್ನು ಊರುಗೋಲಿನಿಂದ ಕುಟ್ಟಿದಳು.

“ಇಲ್ಲೂ ನನ್ನ ತಟ್ಟೆ ಮರೆತೆಯೇನೋ?”