ಹೊನ್ನಾಳಿ ಬಸ್ಸಿನಲ್ಲಿ ಸಿಕ್ಕ ಫೋನು

ಹೆಸರು ಕೆಂಚೇಶ್ ಬಿನ್ ಚಿಕ್ಕಹನುಮಂತಪ್ಪ, ವಯಸ್ಸು 36 ವರ್ಷ, ಪಂಪ್‌ಸೆಟ್ ಮೋಟರ್ ವೈಂಡಿಂಗ್ ಕೆಲಸ, ವಾಸ ಸಂತೆ ಮೈದಾನದ ಹಿಂಭಾಗ, ನ್ಯಾಮತಿ ಟೌನ್.

ದಿನಾಂಕ 17-09-2025ರ ಬುಧವಾರ ಮಧ್ಯಾಹ್ನ 1.30 ಗಂಟೆಗೆ ಠಾಣೆಯಲ್ಲಿ ಹಾಜರಿದ್ದು, ನನ್ನ ಹೆಂಡತಿ ಕಾಣೆಯಾಗಿದ್ದಾಳೆಂದು ನಿನ್ನೆ ಕೊಟ್ಟ ದೂರಿನ ವಿವರ ಕೇಳಿದ್ದಕ್ಕೆ ನಾನು ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಹೆಂಡತಿ ಮಮತಾ, ವಯಸ್ಸು 29 ವರ್ಷ, ಸಾಸ್ವೆಹಳ್ಳಿಯ ಪಂಚಾಯಿತಿ ಗ್ರಂಥಾಲಯದಲ್ಲಿ ಮೇಲ್ವಿಚಾರಕಿಯಾಗಿ ಕೆಲಸ ಮಾಡುತ್ತಾಳೆ. ನಮಗೆ ಮದುವೆಯಾಗಿ ಏಳು ವರ್ಷವಾಗಿದೆ. ಮಕ್ಕಳಿಲ್ಲ. ಅವಳ ತವರು ಜಗಳೂರು ತಾಲ್ಲೂಕು. ದಿನಾ ಬೆಳಿಗ್ಗೆ 8.10ಕ್ಕೆ ಮನೆಯಿಂದ ಹೊರಟು, ನ್ಯಾಮತಿಯಿಂದ ಹೊನ್ನಾಳಿಗೆ ಒಂದು ಬಸ್ಸು, ಹೊನ್ನಾಳಿಯಿಂದ ಸಾಸ್ವೆಹಳ್ಳಿಗೆ ಇನ್ನೊಂದು ಬಸ್ಸು ಹಿಡಿದು ಹೋಗಿ, ಸಂಜೆ 6.30ರ ಒಳಗೆ ವಾಪಸ್ಸಾಗುತ್ತಿದ್ದಳು.

2023ನೇ ಇಸವಿ ಆಗಸ್ಟ್ ತಿಂಗಳಲ್ಲಿ ನನ್ನ ಮಾವ ಬೈಲಪ್ಪನವರು ತೀರಿಕೊಂಡರು. ಅವರ ಒಬ್ಬನೇ ಮಗ, ಅಂದರೆ ಮಮತಾಳ ತಮ್ಮ ವೆಂಕಟೇಶ್, ಆ ವೇಳೆಗೆ ಬೌದ್ಧ ಧರ್ಮಕ್ಕೆ ಸೇರಿದ್ದನು. ಹನ್ನೊಂದನೇ ದಿನದ ಕಾರ್ಯದಲ್ಲಿ ತಾನು ತಲೆ ಬೋಳಿಸುವುದಿಲ್ಲ, ಎಡೆ ಇಡುವುದಿಲ್ಲ, ಅಪ್ಪನ ಫೋಟೊದ ಮುಂದೆ ದೀಪ ಹಚ್ಚಿ ಕೂರುತ್ತೇನೆ ಎಂದು ಹೇಳಿದನು. ನಾನು ನೆಂಟರ ಎದುರು ಅವನ ಕೆನ್ನೆಗೆ ಹೊಡೆದೆನು. ಅವನು ತಿರುಗಿ ಕೈ ಎತ್ತಲಿಲ್ಲ. ಅಂದೇ ವಾಪಸ್ಸು ಬರುವಾಗ, ಅವನ ಜೊತೆ ಮಾತಾಡಿದರೆ ನನ್ನ ಮನೆಯ ಹೊಸ್ತಿಲು ತುಳಿಯಬಾರದೆಂದು ಮಮತಾಳಿಗೆ ಹೇಳಿದೆನು. ಅವಳು ತಲೆ ತಗ್ಗಿಸಿದಳು. ಒಪ್ಪಿದಳೆಂದು ನಾನು ತಿಳಿದೆನು.

ಈ ವರ್ಷ ಮಾರ್ಚ್ 9ರ ಭಾನುವಾರ ಸಂಜೆ ಅವಳು ಫೋನು ನೋಡಿಕೊಂಡು ನಗುತ್ತಿದ್ದಳು. ನಾನು ಒಳಗೆ ಬಂದ ಕೂಡಲೇ ಫೋನನ್ನು ಬೋರಲು ಹಾಕಿದಳು. ಮಾರನೇ ದಿನ ಮಧ್ಯಾಹ್ನ 3.15ರಿಂದ 4.02ರವರೆಗೆ ಅವಳ ನಂಬರು ಬಿಝಿ ಬಂತು. ಆ ಹೊತ್ತಿನಲ್ಲಿ ನಾನು ಹದಿನಾಲ್ಕು ಸಲ ಫೋನು ಮಾಡಿದ್ದೆನು. ಸಂಜೆ ಕೇಳಿದಾಗ ಪಂಚಾಯಿತಿಯ ಪ್ರೇಮಮ್ಮನವರ ಜೊತೆ ಮಾತಾಡುತ್ತಿದ್ದೆ ಎಂದಳು. ಅವಳು ಸ್ನಾನಕ್ಕೆ ಹೋದಾಗ ಫೋನು ತೆಗೆದು ನೋಡಿದೆನು. ಪ್ರೇಮಮ್ಮ ಎಂಬ ಹೆಸರು ಇತ್ತು. ಆ ನಂಬರನ್ನು ಬರೆದುಕೊಂಡು ಬೆಳಿಗ್ಗೆ ಬೇರೆಯವರ ಫೋನಿನಿಂದ ಕರೆ ಮಾಡಿದಾಗ ಗಂಡಸಿನ ಧ್ವನಿ ಹಲೋ ಎಂದಿತು. ನಾನು ಮಾತಾಡದೆ ಕಟ್ ಮಾಡಿದೆನು.

ಅದೇ ದಿನ, ಮಾರ್ಚ್ 11ರಂದು, ನನ್ನ ಅಂಗಡಿಯ ಪಕ್ಕದಲ್ಲಿ ಮೊಬೈಲ್ ರಿಪೇರಿ ಮಾಡುವ ಸತೀಶ್ ಕುಮಾರ್ ಎಂಬುವರಿಗೆ ವಿಷಯ ತಿಳಿಸಿದೆನು. ಮಮತಾಳ ಫೋನಿನ ಗಾಜು ಒಡೆದಿತ್ತು. ಗಾಜು ಹಾಕಿಸುವ ನೆಪದಲ್ಲಿ ನಾನೇ ಅದನ್ನು ತಂದುಕೊಟ್ಟೆನು. ಅವರು ಅದರಲ್ಲಿ ಒಂದು ಆ್ಯಪ್ ಹಾಕಿದರು. ಅವಳು ಎಲ್ಲಿದ್ದಾಳೆ, ಯಾರ ಜೊತೆ ಎಷ್ಟು ನಿಮಿಷ ಮಾತಾಡಿದಳು ಎಂಬುದು ಅಂದಿನಿಂದ ನನ್ನ ಫೋನಿಗೆ ಬರುತ್ತಿತ್ತು. ಸತೀಶ್ ಕುಮಾರ್ ಇದನ್ನು ನಾನು ಕೇಳಿಕೊಂಡಿದ್ದಕ್ಕೆ ಮಾಡಿದ್ದು. ಬೇಡ, ಮನೆಯಲ್ಲಿ ಕೂತು ಮಾತಾಡಿ ಎಂದು ಅವರು ಮೊದಲು ಹೇಳಿದ್ದರು.

ಅವಳಿರುವ ಜಾಗ ನಕ್ಷೆಯಲ್ಲಿ ಒಂದು ನೀಲಿ ಚುಕ್ಕಿಯಾಗಿ ಕಾಣುತ್ತಿತ್ತು. ಐದೈದು ನಿಮಿಷಕ್ಕೆ ನೋಡುತ್ತಿದ್ದೆನು. ಮೋಟರ್ ಸುತ್ತುವ ಕೆಲಸದಲ್ಲಿ ತಂತಿಯ ಸುತ್ತು ಎಣಿಸುತ್ತಾ ಹೋಗಬೇಕು. ಎಣಿಕೆ ತಪ್ಪಿದರೆ ಮೋಟರ್ ಓಡಿಸಿದ ದಿನವೇ ಸುಟ್ಟುಹೋಗುತ್ತದೆ. ಹದಿನೈದು ವರ್ಷದಲ್ಲಿ ನನ್ನ ಕೈಯಲ್ಲಿ ಹಾಗೆ ಆಗಿರಲಿಲ್ಲ. ಏಪ್ರಿಲ್ ಒಂದೇ ತಿಂಗಳಲ್ಲಿ ಮೂರು ಮೋಟರ್ ಸುಟ್ಟವು.

ಸಂಜೆ ಅವಳು ಬಂದ ಮೇಲೆ, ಇವತ್ತು ಎಲ್ಲೆಲ್ಲಿ ಹೋಗಿದ್ದೆ ಎಂದು ಗೊತ್ತಿಲ್ಲದವನ ಹಾಗೆ ಕೇಳುತ್ತಿದ್ದೆನು. ಅವಳು ಹೇಳುತ್ತಿದ್ದುದೆಲ್ಲ ಸರಿಯಿರುತ್ತಿತ್ತು. ಗುರುವಾರ ಮಾತ್ರ ಸುಳ್ಳು ಹೇಳುತ್ತಿದ್ದಳು. ಗುರುವಾರಗಳಂದು ಮಧ್ಯಾಹ್ನ 2.30ರಿಂದ 4 ಗಂಟೆಯವರೆಗೆ ಚುಕ್ಕಿ ಬಸವಾಪಟ್ಟಣದಲ್ಲಿ, ಬಸ್ ನಿಲ್ದಾಣದಿಂದ 400 ಮೀಟರ್ ದೂರದ ಒಂದು ಮನೆಯ ಮೇಲೆ ಇರುತ್ತಿತ್ತು. ಅವಳು ಲೈಬ್ರರಿಯಲ್ಲೇ ಇದ್ದೆ ಎನ್ನುತ್ತಿದ್ದಳು. ಹೀಗೆ ಹದಿನೇಳು ಗುರುವಾರ ಕೇಳಿದೆನು.

ದಿನಾಂಕ 10-07-2025ರ ಗುರುವಾರ ನಾನು ಬೈಕಿನಲ್ಲಿ ಬಸವಾಪಟ್ಟಣಕ್ಕೆ ಹೋಗಿ 2.50ಕ್ಕೆ ಆ ಮನೆ ಮುಟ್ಟಿದೆನು. ಬೈಕನ್ನು ದೂರದಲ್ಲಿ ನಿಲ್ಲಿಸಿ ಪಕ್ಕದ ಗೋಡೆಯ ಹತ್ತಿರ ನಿಂತೆನು. ಒಳಗೆ ಮಮತಾ ನಗುತ್ತಿದ್ದಳು. ನಮ್ಮ ಮನೆಯಲ್ಲಿ ಅವಳು ಹಾಗೆ ನಕ್ಕಿದ್ದು ನನಗೆ ನೆನಪಿಲ್ಲ. ಕಿಟಕಿಯಿಂದ ನೋಡಿದಾಗ ಮಂಚದ ಮೇಲೆ ವೆಂಕಟೇಶ್ ಮಲಗಿದ್ದನು. ಅವನ ಬಲಗಾಲಿಗೆ ರಾಡ್ ಹಾಕಿ ಕಟ್ಟಿದ್ದರು. ಮಮತಾ ನೆಲದ ಮೇಲೆ ಕೂತು ಆ ಕಾಲಿನ ಉಗುರು ಕತ್ತರಿಸುತ್ತಿದ್ದಳು. ನನ್ನ ಅತ್ತೆ ಗಾದ್ರಮ್ಮನವರು ಒಲೆಯ ಹತ್ತಿರ ಇದ್ದರು. ವೆಂಕಟೇಶ್ ಆ ಊರಿನ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದು, ಫೆಬ್ರವರಿಯಲ್ಲಿ ಬೈಕಿನಿಂದ ಬಿದ್ದಿದ್ದನೆಂದೂ, ಮಗನನ್ನು ನೋಡಿಕೊಳ್ಳಲು ಅತ್ತೆ ಜಗಳೂರು ಕಡೆಯಿಂದ ಬಂದು ಇದ್ದಾರೆಂದೂ ಎದುರಿನ ಅಂಗಡಿಯವರಿಂದ ತಿಳಿಯಿತು. ಪ್ರೇಮಮ್ಮ ಎಂಬ ಹೆಸರಿನಲ್ಲಿದ್ದ ನಂಬರು ವೆಂಕಟೇಶನದೇ. ನಾನು ಒಳಗೆ ಹೋಗದೆ 3.40ಕ್ಕೆ ಅಲ್ಲಿಂದ ಹೊರಟೆನು.

ದಾರಿಯಲ್ಲಿ ಬೈಕು ನಿಲ್ಲಿಸಿ ಮುಖ ತೊಳೆದುಕೊಂಡೆನು. ನನ್ನ ಹೆಂಡತಿಯ ನಡತೆಯಲ್ಲಿ ಯಾವ ತಪ್ಪೂ ಇಲ್ಲವೆಂದು ಆ ದಿನ ನನಗೆ ಖಾತ್ರಿಯಾಗಿತ್ತು. ನಾಳೆಯೇ ಆ್ಯಪ್ ತೆಗೆಸಬೇಕೆಂದುಕೊಂಡೆನು. ತೆಗೆಸಲಿಲ್ಲ. ಯಾಕೆಂದು ಠಾಣೆಯಲ್ಲಿ ಮಹಿಳಾ ಹೆಡ್ ಕಾನ್‌ಸ್ಟೇಬಲ್‌ರವರು ಕೇಳಿದರು. ನೋಡದೆ ಇರಲು ಆಗುತ್ತಿರಲಿಲ್ಲ ಎಂಬುದನ್ನು ಬಿಟ್ಟು ಬೇರೆ ಉತ್ತರ ನನ್ನ ಬಳಿ ಇಲ್ಲ.

ಜುಲೈ 27ರ ಭಾನುವಾರ ಊಟ ಮಾಡುವಾಗ, ವೆಂಕಟೇಶನ ಕಾಲಿನ ರಾಡ್ ಯಾವಾಗ ತೆಗೆಯುತ್ತಾರಂತೆ ಎಂದು ಕೇಳಿದೆನು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಅವಳು ತುತ್ತನ್ನು ತಟ್ಟೆಯಲ್ಲಿ ಇಟ್ಟಳು. ನಿಮಗೆ ಯಾರು ಹೇಳಿದರು ಎಂದು ಕೇಳಿದಳು. ನಾನು ಸುಳ್ಳು ಹೇಳಲು ಹೋಗಿ, ಆಗದೆ, ಮಾರ್ಚ್‌ನಿಂದ ನಡೆದದ್ದನ್ನೆಲ್ಲ ಹೇಳಿದೆನು. ಅವಳು ಜಗಳವಾಡಲಿಲ್ಲ.

"ನಮ್ಮ ತಮ್ಮನ್ನ ನೋಡಾಕೆ ಹೋಗ್ತೀನಿ ಅಂತ ನಿಮ್ಮ ಕಣ್ಣಿಂದ್ಲೇ ನೋಡಿದ್ರಿ. ನೋಡಿದ ಮೇಲೂ ಯಾಕ್ರಿ ತೆಗೀಲಿಲ್ಲ?" ಎಂದು ಕೇಳಿದಳು.

ನಾನು ಅವಳ ಎದುರಿಗೇ ಅವಳ ಫೋನಿನಿಂದ ಆ್ಯಪ್ ತೆಗೆದೆನು. ನಮ್ಮ ತಾಯಿಯ ಆಣೆ ಇಟ್ಟು, ಇನ್ನು ಹೀಗೆ ಮಾಡುವುದಿಲ್ಲವೆಂದು ಹೇಳಿದೆನು. ಬೇಕಾದರೆ ತಮ್ಮನ ಮನೆಗೆ ಹೇಳಿಯೇ ಹೋಗು ಎಂದೆನು. ಅವಳು ಎದ್ದು ಕೈ ತೊಳೆದುಕೊಂಡಳು. ಆ ನಂತರದ ಎರಡು ವಾರ ನಾವು ಚೆನ್ನಾಗಿದ್ದೆವು. ಒಂದು ಗುರುವಾರ ಬಸವಾಪಟ್ಟಣದಿಂದ ಅತ್ತೆ ಮಾಡಿಕೊಟ್ಟ ಹುರಿಟ್ಟಿನ ಉಂಡೆ ತಂದಿದ್ದಳು. ನನಗೂ ಕೊಟ್ಟಳು.

ಆಗಸ್ಟ್ 14ರಂದು ಸಂಜೆ ಅವಳು ಬರುವುದು 50 ನಿಮಿಷ ತಡವಾಯಿತು. ಬಸ್ಸು ಕೆಟ್ಟಿತ್ತು ಎಂದಳು. ಬಸ್ಸು ಕೆಟ್ಟಿದ್ದು ನಿಜವೆಂದು ಮಾರನೇ ದಿನ ಬೇರೆಯವರಿಂದಲೂ ಕೇಳಿದೆನು. ಆದರೂ ಆಗಸ್ಟ್ 17ರ ಭಾನುವಾರ ಅವಳು ಮಲಗಿದ್ದ ಮಧ್ಯಾಹ್ನ ಫೋನನ್ನು ಸತೀಶ್ ಕುಮಾರ್‌ರವರ ಹತ್ತಿರ ಒಯ್ದು, ಕಣ್ಣಿಗೆ ಕಾಣದ ಹಾಗೆ ಮತ್ತೆ ಹಾಕಿಸಿದೆನು. ಅದು ಅವಳಿಗೆ ಯಾವಾಗ ತಿಳಿಯಿತೋ ನನಗೆ ಗೊತ್ತಿಲ್ಲ. ಸೆಪ್ಟೆಂಬರ್ ಮೊದಲ ವಾರದಿಂದ ಅವಳು ಮನೆಯಲ್ಲಿ ಫೋನು ಮುಟ್ಟುತ್ತಿರಲಿಲ್ಲ. ನನಗೆ ಅದರಿಂದಲೂ ಅನುಮಾನ ಬಂದಿತ್ತು.

ದಿನಾಂಕ 15-09-2025ರ ಸೋಮವಾರ ಬೆಳಿಗ್ಗೆ 8.10ಕ್ಕೆ ಅವಳು ಎಂದಿನಂತೆ ಹೊರಟಳು. ಹಸಿರು ಸೀರೆ, ಕಂದು ಬಣ್ಣದ ವ್ಯಾನಿಟಿ ಬ್ಯಾಗ್. ರೊಟ್ಟಿ ಡಬ್ಬಿಯಲ್ಲಿವೆ, ಪಲ್ಯ ಆರಿದ ಮೇಲೆ ಮುಚ್ಚಿಡಿ ಎಂದು ಹೇಳಿದಳು. 8.50ಕ್ಕೆ ಚುಕ್ಕಿ ಹೊನ್ನಾಳಿ ಬಸ್ ನಿಲ್ದಾಣದಲ್ಲಿತ್ತು. 9.50ಕ್ಕೆ ಸಾಸ್ವೆಹಳ್ಳಿಗೆ ಬಂತು, ಆದರೆ ಅಲ್ಲಿ ನಿಲ್ಲದೆ ಮುಂದೆ ಹೋಯಿತು. 10.35ಕ್ಕೆ ಬಸವಾಪಟ್ಟಣವನ್ನೂ ದಾಟಿತು. ನಾನು ಫೋನು ಮಾಡತೊಡಗಿದೆನು. ಎತ್ತಲಿಲ್ಲ. 11.25ಕ್ಕೆ ಚನ್ನಗಿರಿಯಲ್ಲಿ ನಿಂತಿತು. ಚನ್ನಗಿರಿಯಲ್ಲಿ ನಮಗೆ ಯಾರೂ ಇಲ್ಲ. 11.40ಕ್ಕೆ ಅಂಗಡಿಯ ಬಾಗಿಲು ಹಾಕಿ ಬೈಕು ಹತ್ತಿದೆನು.

12.35ಕ್ಕೆ ಸಾಸ್ವೆಹಳ್ಳಿಗೆ ಬಂದೆನು. ಲೈಬ್ರರಿಗೆ ಬೀಗ ಹಾಕಿತ್ತು. ಮಮತಾ ಶನಿವಾರವೇ ಹದಿನೈದು ದಿನದ ರಜೆ ಬರೆದುಕೊಟ್ಟು, ಕೀಲಿಯನ್ನು ಒಪ್ಪಿಸಿ ಹೋಗಿದ್ದಾಳೆಂದು ಪಂಚಾಯಿತಿಯಲ್ಲಿ ಹೇಳಿದರು. ಆಗ ಚುಕ್ಕಿ ಚನ್ನಗಿರಿಯಿಂದ ಹಿಂದಕ್ಕೆ ಹೊರಟು ಬಸವಾಪಟ್ಟಣದಲ್ಲಿತ್ತು. ನಾನು ಆ ಕಡೆಗೆ ಹೋದೆನು. ಸುಮಾರು ಆರು ಕಿಲೋಮೀಟರ್ ಹೋದ ಮೇಲೆ ಚುಕ್ಕಿ ನನ್ನ ಎದುರಿಗೇ ಬರುತ್ತಿತ್ತು. ಒಂದು ಖಾಸಗಿ ಬಸ್ಸು ನನ್ನನ್ನು ದಾಟಿ ಹೋಯಿತು. ಚುಕ್ಕಿಯೂ ನನ್ನನ್ನು ದಾಟಿ ಹಿಂದಕ್ಕೆ ಹೋಯಿತು. ಅವಳು ಬಸ್ಸಿನಲ್ಲಿದ್ದಾಳೆಂದು ತಿಳಿದು ಬೈಕು ತಿರುಗಿಸಿದೆನು.

1.50ಕ್ಕೆ ಹೊನ್ನಾಳಿ ನಿಲ್ದಾಣದಲ್ಲಿ ಬಸ್ಸು ನಿಂತಿತು. ನಾನು ಹತ್ತಿ ಹೆಂಗಸರ ಸೀಟುಗಳನ್ನೆಲ್ಲ ನೋಡಿದೆನು. ಮಮತಾ ಇರಲಿಲ್ಲ. ಅವಳ ನಂಬರಿಗೆ ಕರೆ ಮಾಡಿದಾಗ ಕಂಡಕ್ಟರ್‌ನ ಚೀಲದಲ್ಲಿ ರಿಂಗಾಯಿತು. ಅವರು ಕರ್ಚೀಫಿನಲ್ಲಿ ಸುತ್ತಿದ್ದ ಫೋನನ್ನು ತೆಗೆದು ನನ್ನ ಹೆಸರು ಕೇಳಿದರು.

"ಬೆಳಿಗ್ಗೆ ಇಲ್ಲೇ ಒಬ್ಬ ಅಮ್ಮ ಕೊಟ್ಟು ಇಳಿದುಹೋದ್ರು. ನಮ್ಮ ಯಜಮಾನ್ರು ಇದನ್ನ ಹುಡುಕ್ಕಂಡು ಬಸ್ಸಿಗೇ ಬರ್ತಾರೆ, ಬಂದ್ರೆ ಕೊಟ್ಬಿಡ್ರಿ ಅಂದ್ರು. ಆಗ್ಲಿಂದ ಒಂದೇ ಸಮ ಹೊಡ್ಕಂತಾ ಐತೆ ನೋಡ್ರಿ" ಎಂದರು.

ಬಸ್ಸಿನಲ್ಲಿದ್ದವರೆಲ್ಲ ನನ್ನನ್ನು ನೋಡುತ್ತಿದ್ದರು. ಫೋನಿನಲ್ಲಿ ನಾನು ಮಾಡಿದ 43 ಕರೆಗಳಿದ್ದವು. ಬೇರೆ ಯಾರ ಕರೆಯೂ ಇರಲಿಲ್ಲ.

ಅಲ್ಲಿಂದ ಮತ್ತೆ ಬಸವಾಪಟ್ಟಣಕ್ಕೆ ಹೋಗಿ 3.30ಕ್ಕೆ ವೆಂಕಟೇಶನ ಮನೆಯ ಬಾಗಿಲು ತಟ್ಟಿದೆನು. ಎರಡು ವರ್ಷದ ಮೇಲೆ ಅವನ ಎದುರು ನಿಂತಿದ್ದೆನು. ಅವನು ಕೋಲು ಹಿಡಿದು ಎದ್ದು ಕುರ್ಚಿ ಸರಿಸಿಕೊಟ್ಟನು. ಮಮತಾ ಎಲ್ಲಿ ಎಂದು ಕೇಳಿದ್ದಕ್ಕೆ, "ಇಲ್ಲಿಗೆ ಬಂದ್ರೆ ನೀವು ಬರ್ತೀರಂತ ಅಕ್ಕಗೆ ಗೊತ್ತು ಭಾವ. ಅದಕ್ಕೇ ನಮಗೂ ಹೇಳಿಲ್ಲ" ಎಂದನು. ಅತ್ತೆ ನೀರು ತಂದುಕೊಟ್ಟು, ಅಳಿಯಂದಿರು ಊಟ ಮಾಡಿದ್ದಾರೋ ಇಲ್ಲವೋ ಎಂದು ಮಗನನ್ನು ಕೇಳಿದರು. ನನ್ನ ಮುಖ ನೋಡಲಿಲ್ಲ. ಹೊಡೆದದ್ದರ ಬಗ್ಗೆ ವೆಂಕಟೇಶನಿಗೆ ಏನಾದರೂ ಹೇಳಬೇಕೆಂದಿದ್ದೆನು. ಹೇಳದೆ ಹೊರಟೆನು.

ಆ ರಾತ್ರಿ ನನ್ನ ಫೋನಿನಲ್ಲಿ ಚುಕ್ಕಿ ನಮ್ಮ ಮನೆಯ ಮೇಲೇ ಇತ್ತು.

ನಿನ್ನೆ 16ರಂದು ಬೆಳಿಗ್ಗೆ 9.30ಕ್ಕೆ ಠಾಣೆಗೆ ಬಂದು ಕಾಣೆಯಾದ ಬಗ್ಗೆ ದೂರು ಕೊಟ್ಟೆನು. ಅವಳ ಓಡಾಟದ ಹೊತ್ತು ನಿಮಿಷದ ಲೆಕ್ಕದಲ್ಲಿ ನಿಮಗೆ ಹೇಗೆ ಗೊತ್ತು ಎಂದು ಕೇಳಿದಾಗ ಆ್ಯಪ್ ವಿಷಯವನ್ನು ಮರೆಮಾಚಿದ್ದೆನು. ಆ ಭಾಗವನ್ನು ಈಗ ಸರಿಯಾಗಿ ಹೇಳಿದ್ದೇನೆ.

ಇಂದು ಬೆಳಿಗ್ಗೆ ಕರೆ ಬಂದ ಮೇರೆಗೆ ಠಾಣೆಗೆ ಬಂದಾಗ, ಮಮತಾ ಬೇರೊಂದು ಠಾಣೆಗೆ ಖುದ್ದಾಗಿ ಹಾಜರಾಗಿ, ತಾನು ಸ್ವಂತ ಇಚ್ಛೆಯಿಂದ ಮನೆ ಬಿಟ್ಟಿರುವುದಾಗಿಯೂ, ಕ್ಷೇಮವಾಗಿ ಇರುವುದಾಗಿಯೂ, ಇರುವ ಜಾಗವನ್ನು ಗಂಡನಿಗೆ ತಿಳಿಸಬಾರದೆಂದೂ ಹೇಳಿಕೆ ಕೊಟ್ಟಿದ್ದಾಳೆಂದು ತಿಳಿಸಿದರು. ಯಾವ ಠಾಣೆ ಎಂದು ಹೇಳಲಿಲ್ಲ. ಒಂದು ಸಲ ಮಾತಾಡಿಸಿ ಎಂದು ನಾನು ಕೇಳಿಕೊಂಡೆನು. ಅವಳು ಒಪ್ಪಿದ್ದರಿಂದ ಹೆಡ್ ಕಾನ್‌ಸ್ಟೇಬಲ್‌ರವರು 12.20ಕ್ಕೆ ತಮ್ಮ ಫೋನಿನಿಂದ ಕರೆ ಮಾಡಿ ಕೊಟ್ಟರು. ಏನು ಮಾತಾಡಬೇಕೆಂದು ನಾನು ಮೊದಲೇ ಯೋಚಿಸಿಕೊಂಡಿದ್ದೆನು. ಅವಳು ಹಲೋ ಎಂದ ಕೂಡಲೇ, ಎಲ್ಲಿದ್ದೀಯ ಎಂದು ಕೇಳಿದೆನು.



"ಹೆಂಗಿದ್ದೀಯ ಅಂತ ಕೇಳ್ತೀರಿ ಅಂದ್ಕಂಡಿದ್ದೆ" ಎಂದಳು.

ನಾನು ಹೇಗಿದ್ದೀಯ ಎಂದು ಕೇಳುವಷ್ಟರಲ್ಲಿ ಅವಳು ಫೋನನ್ನು ಬೇರೆಯವರ ಕೈಗೆ ಕೊಟ್ಟಿದ್ದಳು. ಮಾತಾಡಿದ್ದು ಒಂದು ನಿಮಿಷಕ್ಕಿಂತ ಕಡಿಮೆ.

ಆದ್ದರಿಂದ ನಿನ್ನೆ ಕೊಟ್ಟ ದೂರನ್ನು ಮುಂದುವರಿಸಲು ನನಗೆ ಇಷ್ಟವಿಲ್ಲ. ಮಮತಾಳ ಫೋನನ್ನು ಅವಳಿಗೆ ತಲುಪಿಸಲು ಠಾಣೆಗೆ ಒಪ್ಪಿಸಿದ್ದೇನೆ. ಅವಳು ನನ್ನ ಮೇಲೆ ದೂರು ಕೊಟ್ಟರೆ ತನಿಖೆಗೆ ಬೇಕಾಗುತ್ತದೆಂದು ಹೇಳಿದ್ದರಿಂದ ನನ್ನ ಫೋನನ್ನೂ ಒಪ್ಪಿಸಿದ್ದೇನೆ. ಬೇರೆ ಏನಾದರೂ ಸೇರಿಸುವುದಿದೆಯೇ ಎಂದು ಕೇಳಿದ್ದಕ್ಕೆ, ನಾನು ಹುಡುಕಿಕೊಂಡು ಬರುವುದಿಲ್ಲವೆಂದು ಅವಳಿಗೆ ತಿಳಿಸಿ ಎಂದು ಕೇಳಿಕೊಂಡಿದ್ದೇನೆ. ಈ ಮಾತನ್ನು ಅವಳು ನಂಬಬೇಕಾಗಿಲ್ಲ ಎಂದೂ ಬರೆಸಿದ್ದೇನೆ.

ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ. ಇದರಲ್ಲಿ ಸುಳ್ಳಿಲ್ಲ.

ಸ್ಥಳ: ನ್ಯಾಮತಿ
ದಿನಾಂಕ: 17-09-2025

(ಸಹಿ)
ಕೆಂಚೇಶ್ ಸಿ.