ಮೂರು ಗಂಟೆಯೊಳಗಿನ ಫೋನು

ಮಾನ್ಯ ಅಧ್ಯಕ್ಷರೇ, ಮುಂಬೈಯಿಂದ ದಯಮಾಡಿಸಿರುವ ಮುಖ್ಯ ಅತಿಥಿಗಳೇ, ನಮ್ಮ ರಾಜಕೋಟ್ ಮ್ಯೂಚುವಲ್ ಫಂಡ್ ವಿತರಕರ ಸಂಘದ ಬಂಧುಗಳೇ, ಹಿಂದಿನ ಅಡುಗೆಮನೆಯಿಂದ ಉಂಧಿಯುವಿನ ಘಮ ಬರುತ್ತಿದ್ದರೂ ಎದ್ದು ಹೋಗದ ಸಭಿಕರೇ,

ಗ್ರಾಹಕರು ಹೂಡಿದ ಹಣವನ್ನು ವರ್ಷಗಟ್ಟಲೆ ಕದಲಿಸದಂತೆ ನೋಡಿಕೊಂಡ ಸಲಹೆಗಾರ ಎಂದು ನನಗೆ ಈ ಶಾಲು ಹೊದಿಸಿದ್ದೀರಿ. ಸಂತೋಷ. ಆದರೆ ಈ ಜಯಸುಖ ಕೋಟೇಚಾ ಹುಟ್ಟಿನಿಂದ ಅಷ್ಟು ತಾಳ್ಮೆಯವನಲ್ಲ.

ಮುಖ್ಯ ಅತಿಥಿಗಳಿಗೆ ನಮ್ಮೂರಿನ ಸಂಗತಿಯೊಂದನ್ನು ಹೇಳಬೇಕು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಇಲ್ಲಿ ಮಲಗುವುದೇ ಧರ್ಮ. ಫಂಡಿನವರೋ, ಮೂರು ಗಂಟೆಯೊಳಗೆ ಅರ್ಜಿ ತಲುಪಿದರೆ ಮಾತ್ರ ಆ ದಿನದ ದರ ಕೊಡುತ್ತಾರೆ. ಮಾರುಕಟ್ಟೆ ಕುಸಿದ ದಿನ ನಮ್ಮ ಜನ ನಾಲ್ಕಕ್ಕೆ ಎದ್ದು, ಚಹಾ ಕುಡಿದು, ಆಕಳಿಸುತ್ತಾ ಬಂದು, "ಇವತ್ತಿನ ಅಗ್ಗದ ದರಕ್ಕೇ ಹಾಕು ಭಾಯ್, ಮುಂಬೈಯವರಿಗೆ ಸ್ವಲ್ಪ ಹೇಳು" ಎನ್ನುತ್ತಿದ್ದರು. ಏನು ಹೇಳಲಿ? ಊರೇ ಮಲಗಿತ್ತು ಎನ್ನಲೇ?

ಮಲಗದವರು ಒಬ್ಬರಿದ್ದರು, ಮಂಜರಿಬೆನ್. ಡೀಸೆಲ್ ಎಂಜಿನ್ ಕಾರ್ಖಾನೆ ನಡೆಸುತ್ತಿದ್ದ ಅವರ ಪತಿ ತೀರಿಕೊಂಡ ಮೇಲೆ ಅವರ ಹಣದ ವ್ಯವಹಾರ ನನ್ನ ಪಾಲಿಗೆ ಬಂತು. ಅಷ್ಟರಲ್ಲಿ ನಾನೂ ಹೆಂಡತಿಯನ್ನು ಕಳೆದುಕೊಂಡಿದ್ದೆ. ಮಧ್ಯಾಹ್ನ ಎರಡು ಗಂಟೆಗೆ ಅವರ ಫೋನು.

"ಏಳಿ ಜಯಸುಖಭಾಯ್! ಔಷಧಿ ಕಂಪನಿಗಳೆಲ್ಲ ನೆಲ ಕಚ್ಚಿವೆ. ಬ್ಯಾಂಕ್ ಫಂಡಿಂದ ತೆಗೆದು ಅಲ್ಲಿಗೆ ಹಾಕೋಣ್ವಾ?"

"ಹೋದ ವಾರ ತಾನೇ ಔಷಧಿಯಿಂದ ತೆಗೆದು ಬ್ಯಾಂಕಿಗೆ ಹಾಕಿದ್ರಲ್ಲ ಬೆನ್!"

"ಹಾಕಿದ್ದೆ. ಈಗ ಮನಸ್ಸು ಬದಲಾಯ್ತು. ಬಂದು ಸಹಿ ತಗೊಂಡು ಹೋಗ್ತೀರೋ, ಗೊರಕೆ ಹೊಡೀತಾ ಇರ್ತೀರೋ?"

ನಾನು ಸ್ಕೂಟರ್ ಹತ್ತುತ್ತಿದ್ದೆ. ಸುಡುಬಿಸಿಲಿನ ಬೀದಿಯಲ್ಲಿ ನಾಯಿಗಳೂ ಮಲಗಿರುತ್ತಿದ್ದವು. ಅವರು ಸಹಿ ಹಾಕಿ, ಜೀರಿಗೆ ಹಾಕಿದ ಮಜ್ಜಿಗೆ ಕೊಡುತ್ತಿದ್ದರು. ಭಾಯ್ ಎನ್ನುತ್ತಿದ್ದರು, ನಿಜ. ನಮ್ಮೂರಲ್ಲಿ ದಂಡ ಹಾಕುವ ಪೊಲೀಸನನ್ನೂ ಭಾಯ್ ಎನ್ನುತ್ತೇವೆ, ಅದಕ್ಕೇನೂ ಅರ್ಥವಿಲ್ಲ. ನಗುತ್ತಿದ್ದೀರಿ. ನಗಿ, ನಗಿ.

ಆದರೆ ಆಗುತ್ತಿದ್ದದ್ದೇನು? ಔಷಧಿಯೋ ಬ್ಯಾಂಕೋ, ಒಂದು ವಲಯ ಏರುವ ಹೊತ್ತಿಗೆ ನಾವು ಅದರಿಂದ ಹೊರಗೆ, ಬೀಳುವ ಹೊತ್ತಿಗೆ ಒಳಗೆ. ಬದಲಾಯಿಸಿದಾಗಲೆಲ್ಲ ಶುಲ್ಕ, ತೆರಿಗೆ. ಅವರ ಮುಪ್ಪಿಗೆ ಇದ್ದ ಆಸರೆ ಅದೊಂದೇ, ಅದು ನನ್ನ ಕಣ್ಣೆದುರೇ ಕರಗುತ್ತಿತ್ತು. ನಿಲ್ಲಿಸಿ ಎನ್ನಬೇಕಿತ್ತು. ಎಂದುಬಿಟ್ಟರೆ ನನ್ನ ಮಧ್ಯಾಹ್ನಗಳಲ್ಲಿ ಏನು ಉಳಿಯುತ್ತದೆ? ಸಭಿಕರೇ, ನೀವೇ ಹೇಳಿ, ಏನು ಉಳಿಯುತ್ತದೆ?

ಕೊನೆಗೊಂದು ದಿನ ಮಜ್ಜಿಗೆ ಮುಗಿಸಿ ಹೇಳಿಯೇಬಿಟ್ಟೆ: "ಬೆನ್, ಈ ವಲಯಗಳ ಸಹವಾಸ ಸಾಕು. ಎಲ್ಲಾ ಥರದ ಕಂಪನಿಗಳೂ ಇರೋ ಒಂದು ಫಂಡಿಗೆ ಹಾಕಿ, ಹತ್ತು ವರ್ಷ ಮುಟ್ಟಬೇಡಿ."

ಅವರು ಲೋಟ ಎತ್ತಿಕೊಂಡರು. "ಹಾಗಾದ್ರೆ ಇನ್ನು ನಿಮ್ಮ ನಿದ್ದೆ ಕೆಡಿಸೋ ಹಾಗಿಲ್ಲ ಅನ್ನಿ."

"ಹಣಕ್ಕೆ ಅದೇ ಒಳ್ಳೇದು" ಎಂದೆ. ಹಣಕ್ಕೆ!

ಹಣ ಬೆಳೆಯಿತು. ಫೋನು ನಿಂತಿತು. ಮಾರುಕಟ್ಟೆ ಬಿದ್ದಾಗಲೆಲ್ಲ ನೀವೆಲ್ಲ ಗಾಬರಿಯಾಗುತ್ತಿದ್ದಿರಿ, ನಾನೊಬ್ಬ ಆಸೆಪಡುತ್ತಿದ್ದೆ. ಇವತ್ತಾದರೂ ಅವರು ಹೆದರಿಯಾರು, ಕರೆದಾರು ಎಂದು ಕಾಯುತ್ತಿದ್ದೆ. ಅವರು ಹೆದರಲಿಲ್ಲ. ನನ್ನ ಮಾತನ್ನು ಅಷ್ಟು ಚೆನ್ನಾಗಿ ಯಾರೂ ನಡೆಸಿಕೊಟ್ಟಿಲ್ಲ.

ಸಂಘದವರು ಇಂದು ಹಳೆಯ ಗ್ರಾಹಕರನ್ನೂ ಆಹ್ವಾನಿಸಿದ್ದಾರಂತೆ. ಈ ಕನ್ನಡಕದಲ್ಲಿ ನನಗೆ ಹಿಂದಿನ ಸಾಲುಗಳು ಕಾಣುವುದಿಲ್ಲ. ಮಂಜರಿಬೆನ್ ಬಂದಿದ್ದರೆ, ಸಲಹೆಗಾರನಾಗಿಯೇ ಒಂದು ತಿದ್ದುಪಡಿ ಹೇಳಿ ಮುಗಿಸುತ್ತೇನೆ. ಬೆನ್, ಹಣ ಮುಟ್ಟಬೇಡಿ ಎಂದಿದ್ದೆ. ಫೋನು ಮುಟ್ಟಬೇಡಿ ಎಂದಿರಲಿಲ್ಲ.

ಇಷ್ಟು ಹೊತ್ತು ಹಸಿವು ತಡೆದುಕೊಂಡು ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.